ದಗ್ಧವ್ರಣವೂ ಶಾಸನವೂ

ಹಾಸನಕ್ಕೆ ಸಮೀಪವಾದ ಕೊರವಂಗಲದ ಬೂಚೇಶ್ವರ ದೇವಾಲಯವು 1173ರಲ್ಲಿ, ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲದಲ್ಲಿ, ಬೂಚಿರಾಜನೆಂಬ ಅಧಿಕಾರಿಯಿಂದ ನಿರ್ಮಿತವಾಯಿತೆಂಬುದು ಇಂದಿಗೂ ತಿಳಿದಿರುವುದು ಅಲ್ಲಿಯ ಕಲ್ಲಿನಲ್ಲಿ ಬರೆಹವಿರುವುದರಿಂದಲೇ. ಕನ್ನಡದಲ್ಲಿ ಕಲ್ಲಿನ ಬರೆಹಕ್ಕೂ ಕಾನೂನಿಗೂ ಶಾಸನವೆಂಬ ಒಂದೇ ಹೆಸರುಂಟು. ಬರೆಯದ ಮಾತು ಆಡಿದವರೊಡನೆ ಅಳಿದುಹೋಗುವುದೆಂಬುದು ದೇವಾಲಯದ ದತ್ತಿಗೆ ಸಲ್ಲುವಂತೆ ಆಸ್ಪತ್ರೆಯ ದಾಖಲೆಪುಸ್ತಕಕ್ಕೂ ಸಲ್ಲುತ್ತದೆ.

ಅಂತಹ ಗ್ರಾಮದ ಮನೆಯೊಂದರಲ್ಲಿ ಸೊಸೆಯೊಬ್ಬಳು ಬೆಂಕಿಗೆ ಸಿಕ್ಕಿದಳೆಂದು ಭಾವಿಸೋಣ. ಹಾಸನದ ಆಸ್ಪತ್ರೆಗೆ ಅವಳನ್ನು ಕರೆತಂದವರು "ಸ್ಟೌ ಸಿಡಿಯಿತು" ಎನ್ನುವರು. ಅದು ನಿಜವಿರಬಹುದು, ಇಲ್ಲದೆಯೂ ಇರಬಹುದು. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಎಂಬ ಮಹಿಳಾ ಸಂಸ್ಥೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ವಿಚಾರಿಸಿ, ಪೋಲೀಸರ ಕಡತಗಳನ್ನೂ ಪರಿಶೀಲಿಸಿದಾಗ, ಎಷ್ಟೋ ಯುವತಿಯರ ಮರಣಗಳು ಅಡಿಗೆಮನೆಯ ಆಕಸ್ಮಿಕಗಳೆಂದೇ ಮುಗಿದುಹೋಗಿದ್ದುವು.

ಸುಶ್ರುತನು ಸುಟ್ಟಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸಿದನು. ಗಾಯವು ಎಷ್ಟೆಂಬುದು ಚಿಕಿತ್ಸೆಗೆ ಬೇಕಾದುದು. ಹೇಗಾಯಿತೆಂಬುದು ನ್ಯಾಯಕ್ಕೆ ಬೇಕಾದುದು. ಆಸಿಡ್ ದಾಳಿಗೆ ಗುರಿಯಾದವರಿಗೆ ಸರಕಾರಿ ಆಸ್ಪತ್ರೆಯೇ ಆಗಲಿ, ಖಾಸಗಿ ಆಸ್ಪತ್ರೆಯೇ ಆಗಲಿ, ಉಚಿತವಾಗಿ ಚಿಕಿತ್ಸೆ ಮಾಡಿ ಕೂಡಲೆ ಪೋಲೀಸರಿಗೆ ತಿಳಿಸತಕ್ಕದ್ದೆಂದು 2013ರಲ್ಲಿ ವಿಧಿಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಪ್ರಕರಣದಲ್ಲಿಯೂ ಅದೇ ವಿಧಿಯಿದೆ. ಇತರ ಸುಟ್ಟಗಾಯಗಳಲ್ಲಿ ಸಂಶಯಕ್ಕೆ ಎಡೆಯಿದ್ದರೆ ದಾಖಲು ಮಾಡಿ ಠಾಣೆಗೆ ಸೂಚನೆ ಕಳುಹಿಸುವುದು ಆಸ್ಪತ್ರೆಗಳ ಪದ್ಧತಿ.

ಮನೆಯ ಮಾತು ಬೀದಿಗೆ ಬೀಳುವುದೆಂದು ಕೆಲವರು ಆಕ್ಷೇಪಿಸುವರು. ಗಾಯಗೊಂಡವಳೇ ಮಕ್ಕಳ ಗತಿಯನ್ನು ನೆನೆದು ಬಾಯಿ ಬಿಡದಿರುವುದೂ ಉಂಟು. ಪೋಲೀಸರ ಭಯದಿಂದ ಆಸ್ಪತ್ರೆಗೆ ತರುವುದನ್ನೇ ತಡಮಾಡುವವರೂ ಉಂಟು. ಈ ಭಯವನ್ನು ಹಗುರವೆಂದು ತಳ್ಳುವಂತಿಲ್ಲ. ಆದರೆ ವೈದ್ಯನ ಸೂಚನೆಯು ಯಾರ ಮೇಲೆಯೂ ಹೊರಿಸಿದ ಅಪರಾಧವಲ್ಲ. ಅವಳು ಏನೆಂದಳು, ಯಾವ ಹೊತ್ತಿನಲ್ಲಿ ಎಂದಳು, ಬಟ್ಟೆಯಲ್ಲಿ ಸೀಮೆಎಣ್ಣೆಯ ವಾಸನೆಯಿತ್ತೇ ಎಂಬಿಷ್ಟನ್ನೇ ಅವನು ಬರೆಯುವನು. ನಿರ್ಣಯವು ನ್ಯಾಯಾಲಯಕ್ಕೆ ಸೇರಿದ್ದು. ಚಿಕಿತ್ಸೆಯು ಮೊದಲು, ಕಾನೂನಿನ ವಿಧಿಗಳು ಅನಂತರ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಸ್ಪಷ್ಟಪಡಿಸಿದೆ.

ತೀವ್ರವಾಗಿ ಸುಟ್ಟವರಿಗೂ ಕೆಲವು ಗಂಟೆಗಳು, ಒಮ್ಮೊಮ್ಮೆ ಕೆಲವು ದಿನಗಳು, ಪ್ರಜ್ಞೆ ಇರುವುದುಂಟು. ಸತ್ಯವನ್ನು ಕೇಳಲು ಉಳಿದಿರುವ ಕಾಲವು ಅದೊಂದೇ ಆಗಿರಬಹುದು. ಅತ್ತೆ ಮಾವಂದಿರೂ ಗಂಡನೂ ಸುತ್ತಲೂ ನಿಂತಿರುವಾಗ ಅವಳಾಡುವ ಮಾತು ಅವಳದೇ ಎಂದು ಹೇಗೆ ನಂಬುವುದು? ಆದುದರಿಂದ ವೈದ್ಯನು ಏಕಾಂತದಲ್ಲಿ ವಿಚಾರಿಸಬೇಕು. ಅಗತ್ಯವಿದ್ದಲ್ಲಿ ಹೇಳಿಕೆಯನ್ನು ಪಡೆಯಲು ಮ್ಯಾಜಿಸ್ಟ್ರೇಟರನ್ನು ಕರೆಯಿಸಬೇಕು. ವಿದ್ಯಾವಂತರಾದ ಗೃಹಸ್ಥರು ಇದಕ್ಕೆ ಮಾಡಬಹುದಾದ ಸಹಾಯವು ಅಲ್ಪವಾದರೂ ಅಮೂಲ್ಯವಾದುದು. ಗಾಯಗೊಂಡವಳನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯುವುದು, "ಹೊರಗೆ ನಿಲ್ಲಿ" ಎಂದು ವೈದ್ಯನು ಹೇಳಿದಾಗ ಕೋಪಗೊಳ್ಳದೆ ಹೊರಗೆ ನಿಲ್ಲುವುದು, ಒಳಗೆ ಬರೆದುದನ್ನು ತಿದ್ದಿಸಲು ಯಾರೂ ಹೋಗದಂತೆ ನೋಡಿಕೊಳ್ಳುವುದು.