ಸಾರಿ ಕೇಳುವುದು, ಸಾರಿ ಹೇಳುವುದು

ಅಪ್ಪ ತೀರಿಕೊಂಡ ವಾರ ಲಂಡನ್ನಿನಿಂದ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ‘ಐ ಆಮ್ ಸೋ ಸಾರಿ’ ಎಂದರು. ನಾನು ‘ಇಟ್ಸ್ ಓಕೆ’ ಎಂದೆ. ಪಕ್ಕದಲ್ಲೇ ಕೂತಿದ್ದ ಅಮ್ಮನ ಕಿವಿಗೆ ಆ ಒಂದು ಪದ ಬಿತ್ತು. ‘ಅವರ್ಯಾಕೆ ಸಾರಿ ಕೇಳ್ತಾರೆ? ಅವರೇನು ತಪ್ಪು ಮಾಡಿದ್ರು ಪಾಪ?’ ಎಂದಳು.

ಅಮ್ಮನ ಪ್ರಶ್ನೆ ಸಹಜ. ಇಂಗ್ಲಿಷಿನವರು ಸಾರಿ ಹೇಳುತ್ತಾರೆ, ನಾವು ಸಾರಿ ಕೇಳುತ್ತೇವೆ, ಕ್ಷಮೆ ಕೇಳಿದ ಹಾಗೆ. ಕೇಳಿದ ಮೇಲೆ ಎದುರಿನವರು ಕೊಡಬೇಕು. ಆದರೆ ಮೂಲದಲ್ಲಿ ಆ ಪದ ಯಾರಿಂದಲೂ ಏನನ್ನೂ ಬೇಡುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸಾರಿಗ್’. ‘ಸಾರ್’ ಎಂದರೆ ನೋವು, ಗಾಯ. ಇವತ್ತಿಗೂ ಗಂಟಲು ಕೆರೆದರೆ ‘ಸೋರ್ ಥ್ರೋಟ್’ ಅನ್ನುತ್ತೇವಲ್ಲ, ಅದೇ. ದುಃಖಕ್ಕೆ ಹೇಳುವ ‘ಸಾರೋ’ ಇದರ ಒಡಹುಟ್ಟಿದ್ದು ಅನಿಸಿದರೂ ಅದರ ಬೇರು ಬೇರೆ. ‘ಸಾರಿ’ ಅಂದರೆ ನೊಂದಿದ್ದೇನೆ, ಅಷ್ಟೆ. ತಪ್ಪೊಪ್ಪಿಗೆಗೆ ಆ ಪದವೊಂದನ್ನೇ ಒಂಟಿಯಾಗಿ ಆಡುವ ರೂಢಿ ಬಂದದ್ದು 19ನೆಯ ಶತಮಾನದಲ್ಲಿ.

ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ. ತಪ್ಪಿಗೆ ‘ಹೊಟ್ಟೆಗೆ ಹಾಕ್ಕೊಳ್ಳಿ’, ಸಾವಿಗೆ ‘ಹೀಗಾಗಬಾರದಿತ್ತು’. ಆಮೇಲೆ ಸುಮ್ಮನೆ ಹತ್ತಿರ ಕೂರುವುದು.

ಎರಡೂ ಅರ್ಥ ಒಂದೇ ಪದದಲ್ಲಿದ್ದದ್ದು ಆಸ್ಟ್ರೇಲಿಯಾದಲ್ಲಿ ದೊಡ್ಡ ಜಗಳಕ್ಕೇ ಕಾರಣವಾಯಿತು. ಅಲ್ಲಿನ ಮೂಲನಿವಾಸಿಗಳು ಸಾವಿನ ಶೋಕಾಚರಣೆಯನ್ನು ‘ಸಾರಿ ಬಿಸಿನೆಸ್’ ಎನ್ನುತ್ತಾರೆ. ದಶಕಗಳ ಕಾಲ ಸರ್ಕಾರವೇ ಅವರ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗಿ ಬೇರೆಡೆ ಬೆಳೆಸಿತ್ತು. 1997ರಲ್ಲಿ ಅದರ ಬಗ್ಗೆ ವರದಿ ಬಂತು. ಪ್ರಧಾನಿ ಜಾನ್ ಹೋವರ್ಡ್ 1999ರಲ್ಲಿ ಸಂಸತ್ತಿನಲ್ಲಿ ‘ವಿಷಾದ’ದ ಗೊತ್ತುವಳಿ ತಂದರೇ ಹೊರತು ‘ಸಾರಿ’ ಎನ್ನಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಈಗಿನವರು ಹೊಣೆಯಲ್ಲ ಎಂಬುದು ಅವರ ವಾದ. ಅಮ್ಮ ಕೇಳಿದ್ದೂ ಅದನ್ನೇ, ‘ಅವರೇನು ತಪ್ಪು ಮಾಡಿದ್ರು?’ ಅಮ್ಮನದು ಕನಿಕರ. ಆ ವಾದದಲ್ಲಿ ಕನಿಕರವಿರಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನೊಂದಿದ್ದೇನೆ ಎನ್ನಲು ಅಪರಾಧಿಯೇ ಆಗಿರಬೇಕೆ? 2008ರ ಫೆಬ್ರುವರಿ 13ರಂದು ಆಗಿನ ಪ್ರಧಾನಿ ಕೆವಿನ್ ರಡ್ ಅದೇ ಸಂಸತ್ತಿನಲ್ಲಿ ನಿಂತು ಆ ಪದವನ್ನು ಆಡಿದರು. ಕೇಳಿಸಿಕೊಳ್ಳಬೇಕಾದ ಎಷ್ಟೋ ತಾಯಂದಿರು ಅಷ್ಟರಲ್ಲಿ ತೀರಿಹೋಗಿದ್ದರು.

ನಿಮ್ಮ ಮನೆಯ ಸಾವಿಗೆ ದೂರದಿಂದ ಯಾರಾದರೂ ಫೋನ್ ಮಾಡಿ ‘ಸಾರಿ’ ಎಂದರೆ, ನನ್ನ ಹಾಗೆ ‘ಇಟ್ಸ್ ಓಕೆ’ ಎನ್ನಬೇಡಿ. ಅವರು ಕ್ಷಮೆ ಕೇಳುತ್ತಿಲ್ಲ. ನಿಮ್ಮ ಹತ್ತಿರ ಕೂತಿದ್ದಾರೆ.