ಹಿಂದಿನ ಸೀಟಿನವರ ಮಾತು

ಎತ್ತು ಕೊಳ್ಳಲು ಜಾತ್ರೆಗೆ ಹೋದವರು ಬರಿಗೈಯಲ್ಲಿ ತಿರುಗಿ ಬಂದರೆ ನಮ್ಮ ಕಡೆ ಯಾರೂ ಅದನ್ನು ಅವಮಾನವೆಂದು ತಿಳಿಯುತ್ತಿರಲಿಲ್ಲ. ಖಿಲಾರಿ ಎತ್ತಿನ ಹಲ್ಲು ನೋಡಬೇಕು, ಗೊರಸು ನೋಡಬೇಕು, ಸುಳಿ ನೋಡಬೇಕು, ಹತ್ತು ಹೆಜ್ಜೆ ನಡೆಸಿ ನೋಡಬೇಕು. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ "ಮುಂದಿನ ಜಾತ್ರಿಗೆ ನೋಡೂಣು" ಎಂದು ಎದ್ದು ಬರುವ ಹಕ್ಕು ಕೊಳ್ಳುವವನಿಗಿತ್ತು. ಅದೇ ಜನ ಇಂದು ಇಪ್ಪತ್ತೈದು ಲಕ್ಷದ ಗಾಡಿಯನ್ನು ಬರೀ ಅದರ ಮುಖ ನೋಡಿ ಮೆಚ್ಚಿಬಿಡುತ್ತಾರೆ. ಹಿಂದೆ ಏನಿದೆ, ಅಲ್ಲಿ ಯಾರು ಕೂರುತ್ತಾರೆ ಎಂದು ಬಗ್ಗಿ ನೋಡುವವರು ಕಡಿಮೆ.

ನಮ್ಮ ಮನೆಯಲ್ಲಿ ಏಳು ಜನ. ಅತ್ತೆ, ನಮ್ಮ ಯಜಮಾನರು, ನಾನು, ಮೈದುನ, ನೆಗೆಣ್ಣಿ, ಮತ್ತು ಒಂಬತ್ತು ಹಾಗೂ ಆರು ವರ್ಷದ ಎರಡು ಮಕ್ಕಳು. ಮನೆ ಜಮಖಂಡಿಯಲ್ಲಿ, ಎಂಟು ಎಕರೆ ಕಬ್ಬಿನ ಹೊಲ ಮುಧೋಳದ ಕಡೆ. ನನ್ನ ತವರು ಬನಹಟ್ಟಿ, ನೆಗೆಣ್ಣಿಯದು ಬೀಳಗಿ. ಅತ್ತೆಯ ಮಂಡಿ ನೋವಿಗೆ ಮೀರಜದ ಆಸ್ಪತ್ರೆ, ವರ್ಷಕ್ಕೊಮ್ಮೆ ಸವದತ್ತಿ ಯಲ್ಲಮ್ಮ. ಇಷ್ಟು ತಿರುಗಾಟಕ್ಕೆ ಸಣ್ಣ ಕಾರು ಸಾಲದು, ಏಳೂ ಜನ ಒಟ್ಟಿಗೆ ಕೂರುವ ದೊಡ್ಡ ಗಾಡಿ ಬೇಕು ಎಂಬಲ್ಲಿಗೆ ಎಲ್ಲರದೂ ಒಮ್ಮತವಾಯಿತು. ಒಮ್ಮತ ಅಲ್ಲಿಗೇ ಮುಗಿಯಿತು.

ಮೈದುನನಿಗೆ ಮಹೀಂದ್ರದ ಸ್ಕಾರ್ಪಿಯೋ-ಎನ್ ಆಗಬೇಕು. ನಮ್ಮವರಿಗೆ ಟಾಟಾ ಸಫಾರಿ. ಎರಡೂ ಹಳೆಯ ಹೆಸರುಗಳೇ. ಸಫಾರಿ 1998ರಲ್ಲಿ ಬಂತು, ಸ್ಕಾರ್ಪಿಯೋ 2002ರಲ್ಲಿ. ಈಗಿನವು ಅವುಗಳ ಹೆಸರು ಹೊತ್ತ ಹೊಸ ಪೀಳಿಗೆ. ಹೊಸ ಸಫಾರಿ 2021ರದು, ಸ್ಕಾರ್ಪಿಯೋ-ಎನ್ 2022ರದು. ಎರಡೂ ತಯಾರಾಗುವುದು ಪುಣೆಯ ಆಸುಪಾಸಿನಲ್ಲೇ. ಒಂದರ ಉದ್ದ 4,662 ಮಿಲಿಮೀಟರು, ಇನ್ನೊಂದರದು 4,668. ವ್ಯತ್ಯಾಸ ಒಂದು ಕಡಲೆಕಾಳಿನಷ್ಟು. ಮೇಲಿನ ಮಾದರಿಗಳ ಡೀಸೆಲ್ ಎಂಜಿನ್ನಿನ ಶಕ್ತಿ ಒಂದರಲ್ಲಿ 175 ಅಶ್ವಶಕ್ತಿ, ಇನ್ನೊಂದರಲ್ಲಿ 170. ಈ ಐದು ಕುದುರೆಗಳ ಸಲುವಾಗಿ ನಮ್ಮ ಮನೆಯಲ್ಲಿ ಮೂರು ವಾರ ಊಟದ ಹೊತ್ತು ಕೆಟ್ಟಿತು.

ನಿಜವಾದ ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಕಡೆ. ಸ್ಕಾರ್ಪಿಯೋ-ಎನ್ ನಮ್ಮ ಚಕ್ಕಡಿಯ ಹಾಗೆ. ಕೆಳಗೆ ಗಟ್ಟಿಯಾದ ಚೌಕಟ್ಟು, ಅದರ ಮೇಲೆ ಕೂರಿಸಿದ ಮೈ. ಹೊರೆಯನ್ನೆಲ್ಲ ಹೊರುವುದು ಚೌಕಟ್ಟು. 1998ರ ಸಫಾರಿಯೂ ಹಾಗೆಯೇ ಇತ್ತು. ಈಗಿನ ಸಫಾರಿ ಮಾತ್ರ ಕೊಡದ ಹಾಗೆ: ಬೇರೆ ಚೌಕಟ್ಟಿಲ್ಲ, ಇಡೀ ಮೈಯೇ ಭಾರ ಹೊರುತ್ತದೆ. ಟಾಟಾದವರು 2008ರಲ್ಲಿ ಕೊಂಡ ಲ್ಯಾಂಡ್ ರೋವರ್ ಕಂಪನಿಯ ಒಂದು ತಳಪಾಯದಿಂದ ಅದು ಹುಟ್ಟಿದ್ದು. ಸ್ಕಾರ್ಪಿಯೋ-ಎನ್ ಹಿಂದಿನ ಗಾಲಿಗಳಿಂದ ದೂಡಿಕೊಂಡು ಹೋಗುತ್ತದೆ, ಕೆಲವು ಮಾದರಿಗಳಲ್ಲಿ ನಾಲ್ಕೂ ಗಾಲಿಗೆ ಬಲ ಸಿಗುತ್ತದೆ. ಸಫಾರಿ ಮುಂದಿನ ಗಾಲಿಗಳಿಂದ ಎಳೆದುಕೊಂಡು ಹೋಗುತ್ತದೆ, ಅದರಲ್ಲಿ ನಾಲ್ಕು ಗಾಲಿಯ ಮಾದರಿ ಇಲ್ಲ. ಮಳೆ ಬಿದ್ದ ಎರಿ ಹೊಲದ ದಾರಿಯಲ್ಲಿ ಯಾವುದು ಮೇಲು ಎಂದು ನಮ್ಮ ಕಡೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ಮೈದುನ ಅದನ್ನೇ ಹಿಡಿದ. "ವೈನಿ, ಹ್ವಾದ ಸಲ ಹೊಳಿ ಬಂದಾಗ ನೆನಪೈತಿಲ್ಲೋ? ಇಂಥಾ ಗಾಡಿ ಇದ್ದಿದ್ರ..." ಎಂದ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಎಷ್ಟೋ ಹಳ್ಳಿಗಳು ನೀರಲ್ಲಿ ನಿಂತದ್ದನ್ನು ಯಾರು ಮರೆತಾರು? ಆದರೆ ಆ ದಿನಗಳಲ್ಲಿ ಜನರನ್ನು ದಾಟಿಸಿದ್ದು ದೋಣಿ. ಹರಿಯುವ ನೀರು ಎರಡು ಅಡಿ ಇದ್ದರೆ ಎಂಥ ದೊಡ್ಡ ಗಾಡಿಯನ್ನೂ ತೇಲಿಸಿಕೊಂಡು ಹೋಗುತ್ತದೆ. ಹೊಳೆ ಗಾಡಿಯ ಬೆಲೆ ಕೇಳುವುದಿಲ್ಲ. ಇನ್ನು ಹೊಲದ ಮಾತು. ಹೊಲಕ್ಕೆ ನಮ್ಮಲ್ಲಿ ಟ್ರ್ಯಾಕ್ಟರ್ ಇದೆ, ಮೈದುನನ ಮೋಟಾರ್‌ಸೈಕಲ್ ಇದೆ. ಯಲ್ಲಮ್ಮನ ಹರಕೆಗೆಂದು ಕೊಳ್ಳುವ ಗಾಡಿಯನ್ನು ರಂಟೆ ಹೊಡೆಯುವ ಗುಣ ನೋಡಿ ಆರಿಸುವುದು ಯಾವ ನ್ಯಾಯ?

ಷೋರೂಮುಗಳಿಗೆ ನಾವೂ ಹೋದೆವು. ಎರಡೂ ಕಡೆ ಹುಡುಗರು ಗಂಡಸರನ್ನು ಸ್ಟಿಯರಿಂಗಿನ ಮುಂದೆ ಕೂರಿಸಿದರು, ಪರದೆ ಬೆಳಗಿಸಿದರು, ಮೇಲಿನ ಗಾಜು ತೆರೆದು ಆಕಾಶ ತೋರಿಸಿದರು. ಆರು ಸೀಟಿನ ಮಾದರಿಯೂ ಎರಡರಲ್ಲೂ ಉಂಟು. ನಡುವಿನ ಸಾಲಿನಲ್ಲಿ ಉದ್ದ ಸೀಟಿನ ಬದಲು ಎರಡು ಬೇರೆ ಬೇರೆ ಕುರ್ಚಿ. ಇಬ್ಬರೂ ಅಣ್ಣತಮ್ಮಂದಿರಿಗೆ ಅದೇ ಮನಸ್ಸಿಗೆ ಬಂತು. ಅತ್ತೆ ಬೆರಳು ಮಡಚಿ ಎಣಿಸಿ, "ಯಪ್ಪಾ, ಮನ್ಯಾಗ ಏಳ ಮಂದಿ ಅದೇವಿ. ಏಳನೇದವ್ರ ಯಾರು ಬಸ್ಸಿಗೆ ಬರವ್ರು?" ಎಂದು ಕೇಳಿದರು. ಕುರ್ಚಿಯ ಮಾತು ಅಲ್ಲಿಗೆ ನಿಂತಿತು.

ನಾನು ಮತ್ತು ನೆಗೆಣ್ಣಿ ಕೇಳಿದ್ದು ಒಂದೇ: "ನಮ್ಮನ್ನು ಕಡೇ ಸಾಲಿನಾಗ ಕುಂಡ್ರಿಸಿ ಒಂದು ಸುತ್ತು ಹಾಕಿಸ್ರಿ." ಷೋರೂಮಿನ ಹುಡುಗ ತುಸು ಗಲಿಬಿಲಿಗೊಂಡ. ಟ್ರ್ಯಾಕ್ಸು, ಕ್ರೂಸರುಗಳ ಹಿಂದಿನ ಬಾಕಿನಲ್ಲಿ ಮದುವೆ, ಸೀಮಂತ, ದುಃಖದ ಮನೆ ಎಂದು ಆಯುಷ್ಯ ಕಳೆದವರು ನಾವು. ಕಡೆಯ ಸಾಲಿನ ಗುಣ ನಮಗೆ ಗೊತ್ತು. ಅಲ್ಲಿಗೆ ಹೋಗಲು ನಡುವಿನ ಸೀಟನ್ನು ಮಡಚಿ, ಸೆರಗು ಬಿಗಿಹಿಡಿದು, ಬಗ್ಗಿ ಒಳನುಗ್ಗಬೇಕು. ನಡುವಿನವರು ಇಳಿಯದೆ ನಾವು ಇಳಿಯುವ ಹಾಗಿಲ್ಲ. ದೊಡ್ಡ ಗಾಡಿ ಎಂದು ಹೆಸರಾದರೂ ಎರಡರಲ್ಲೂ ಕಡೆಯ ಸಾಲು ಎತ್ತಿದರೆ ಹಿಂದೆ ಸಾಮಾನಿಗೆ ಉಳಿಯುವುದು ಒಂದೆರಡು ಚೀಲದ ಜಾಗ. ರೊಟ್ಟಿಯ ಬುಟ್ಟಿ ನಮ್ಮ ತೊಡೆಯ ಮೇಲೇ.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ-ಮುಧೋಳ ರಸ್ತೆಯಲ್ಲಿ ಕತ್ತಲಾದ ಮೇಲೆ ಬಂದವರಿಗೆ ಅದು ಅರ್ಥವಾದೀತು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಅಗಲಕ್ಕೆ ಚಾಚಿದ ಕಬ್ಬು, ಎಷ್ಟೋ ವೇಳೆ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಹತ್ತಿರ ಹೋಗುವವರೆಗೆ ಅದು ಕತ್ತಲೆಯೇ. ಅಂಥ ರಸ್ತೆಯಲ್ಲಿ ಗಾಡಿಯ ಎತ್ತರಕ್ಕಿಂತ ಅದರ ನಕ್ಷತ್ರಗಳು ಮುಖ್ಯ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಾಡಿಯನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ, ಒಳಗೆ ಕೂರಿಸಿದ ಗೊಂಬೆಗಳಿಗೆ ಎಷ್ಟು ಪೆಟ್ಟಾಯಿತೆಂದು ಅಳೆಯುತ್ತದೆ. 2022ರಲ್ಲಿ ಸ್ಕಾರ್ಪಿಯೋ-ಎನ್‌ಗೆ ದೊಡ್ಡವರ ರಕ್ಷಣೆಯಲ್ಲಿ ಐದು ನಕ್ಷತ್ರ ಬಂತು, ಮಕ್ಕಳ ರಕ್ಷಣೆಯಲ್ಲಿ ಮೂರು. 2023ರಲ್ಲಿ ಸಫಾರಿಗೆ ಎರಡರಲ್ಲೂ ಐದು. ಎರಡು ಮಕ್ಕಳಿರುವ ಮನೆಯಲ್ಲಿ ಈ ಎರಡು ನಕ್ಷತ್ರದ ತೂಕ ಐದು ಕುದುರೆಗಿಂತ ಹೆಚ್ಚು.

ಆದರೆ ಒಂದು ಮಾತು ಗಮನಿಸಿ. ಆ ಪರೀಕ್ಷೆಯಲ್ಲಿ ಮಕ್ಕಳ ಗೊಂಬೆಗಳನ್ನು ಕೂರಿಸುವುದು ನಡುವಿನ ಸಾಲಿನಲ್ಲಿ. ಕಡೆಯ ಸಾಲಿನಲ್ಲಿ ಯಾವ ಗೊಂಬೆಯನ್ನೂ ಕೂರಿಸುವುದಿಲ್ಲ. ಅಂದರೆ ನಾನು, ನೆಗೆಣ್ಣಿ ಕೂರುವ ಜಾಗಕ್ಕೆ ನಕ್ಷತ್ರವೇ ಇಲ್ಲ. ಹಿಂದಿನ ಗಾಜಿಗೆ ಎಲ್ಲರಿಗಿಂತ ಹತ್ತಿರ ಇರುವವರು ನಾವು. ಬೆಲ್ಟು ಯಾಕೆ ಎಂದು ಕೇಳಿಸಿಕೊಳ್ಳುವವರೂ ನಾವೇ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟು ಹಾಕಿರಲಿಲ್ಲ. ಹಿಂದಿನ ಸೀಟು ಕ್ಷೇಮವೆಂಬುದು ಎಷ್ಟು ದೊಡ್ಡ ಭ್ರಮೆ ಎಂದು ದೇಶಕ್ಕೆಲ್ಲ ಆಗ ತಿಳಿಯಿತು.

ಇನ್ನು ದುಡ್ಡು. ಮೇಲಿನ ಮಾದರಿಗಳ ಚೀಟಿಯಲ್ಲಿ ಇಪ್ಪತ್ತೈದು ಲಕ್ಷದ ಸುತ್ತಮುತ್ತ ಬರೆದಿತ್ತು. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲಿನ ತೆರಿಗೆ ನೂರಕ್ಕೆ 40ಕ್ಕೆ ಇಳಿದ ಮೇಲಿನ ಬೆಲೆ ಇದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಕಬ್ಬಿನ ದರ, ಶೇಕಡಾ 10.25ರ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಆ ಲೆಕ್ಕದಲ್ಲಿ ಒಂದು ಗಾಡಿ ಎಂದರೆ ಏಳುನೂರು ಟನ್ನಿಗೂ ಮೇಲೆ. ಎಕರೆಗೆ 40 ಟನ್ ಬಂದರೂ ನಮ್ಮ ಎಂಟು ಎಕರೆಯ ಎರಡು ವರ್ಷದ ಬೆಳೆ ಸುರಿದರೂ ಸಾಲದು. ಕಡಿಯುವ ಕೂಲಿ, ಸಾಗಣೆ ಇನ್ನೂ ಕಳೆದಿಲ್ಲ. ಕಬ್ಬಿನ ಬಿಲ್ಲು ಬರುವುದು ಕಾರ್ಖಾನೆಯವರ ಮನಸ್ಸಿನ ಮೇಲೆ, ಸಾಲದ ಕಂತು ಮಾತ್ರ ತಿಂಗಳ ಐದನೇ ತಾರೀಖಿಗೆ ತಪ್ಪದೆ ಬರುತ್ತದೆ.

ನೆಗೆಣ್ಣಿ ಇಲ್ಲಿ ಬಾಯಿ ಬಿಟ್ಟಳು. ಬೀಳಗಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡು, ಪರಿಹಾರದ ದುಡ್ಡಿನಲ್ಲಿ ಜೀಪು ಕೊಂಡು, ಹತ್ತು ವರ್ಷದ ಮೇಲೆ ಹೊಲವೂ ಇಲ್ಲ ಜೀಪೂ ಇಲ್ಲ ಎಂದು ಕೂತವರನ್ನು ಕಂಡು ಬೆಳೆದವಳು ಅವಳು. ಈಗ ಮೂರನೇ ಹಂತದ ಮುಳುಗಡೆಗೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿದೆ. "ಹೊಲ ಹಾಂಗ ಇದ್ರ ಮೊಮ್ಮಕ್ಳಿಗೂ ಬರತೈತಿ. ಗಾಡಿ ಷೋರೂಮ್ ಗೇಟ್ ದಾಟಿದ ಕೂಡ್ಲೇ ಹಳೇದು" ಎಂದಳು. ಅವಳ ಮಾತಿಗೆ ಎದುರು ಮಾತು ಯಾರಲ್ಲೂ ಇರಲಿಲ್ಲ.

ಕಡೆಗೆ ಸಫಾರಿಯೇ ಆಯಿತು, ಆದರೆ ಕೆಳಗಿನ ಮಾದರಿ. ಆರು ಗಾಳಿಚೀಲಗಳು ಅದರ ಎಲ್ಲ ಮಾದರಿಗಳಲ್ಲೂ ಇವೆ. ಬಿಟ್ಟದ್ದು ಆಕಾಶ ತೋರುವ ಗಾಜು, ದೊಡ್ಡ ಪರದೆ ಮುಂತಾದವು. ಆಕಾಶ ನೋಡಲು ನಮಗೆ ಮಾಳಿಗೆ ಇದೆ. ಸಾಲ ಯಜಮಾನರ ಸಂಬಳದಲ್ಲಿ ತೀರುವಷ್ಟೇ. ಹೊಲದ ಉತಾರದ ಮೇಲೆ ಒಂದು ಪೈಸೆಯೂ ಇಲ್ಲ. ದಿನವೂ ಕೆಸರಿನಲ್ಲಿ ಓಡಾಡುವವರ ಮನೆಗೆ ಸ್ಕಾರ್ಪಿಯೋ-ಎನ್ ಸರಿಯಾದೀತು, ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಮನೆಯ ದಾರಿ ಬೇರೆ.

ಗಾಡಿಗಿಂತ ಮೊದಲು ಮನೆಗೆ ಒಂದು ಕಟ್ಟಳೆ ಬಂತು. ಮಕ್ಕಳು, ಅತ್ತೆ ಯಾವತ್ತೂ ನಡುವಿನ ಸಾಲಿನಲ್ಲಿ. ಬೆಲ್ಟು ಏಳೂ ಜನಕ್ಕೆ. ಹಂಗಾಮಿನಲ್ಲಿ ಕತ್ತಲಾದ ಮೇಲೆ ಮುಧೋಳ ರಸ್ತೆ ಹಿಡಿಯುವಂತಿಲ್ಲ. ಕಡೆಯ ಸಾಲಿಗೆ ಕಾಲುವೆಯ ನೀರಿನ ಹಾಗೆ ಪಾಳಿ, ಗಂಡಸರೂ ಸೇರಿ. ಹೋದ ವಾರ ಬನಹಟ್ಟಿಗೆ ಹೋಗುವಾಗ ಪಾಳಿ ನಮ್ಮವರದು. ಸೀಟು ಮಡಚಿ, ಬಗ್ಗಿ, ಒಳಗೆ ಹೋಗಿ ಕೂತರು. ತೊಡೆಯ ಮೇಲೆ ರೊಟ್ಟಿಯ ಬುಟ್ಟಿ ಇಟ್ಟೆ.