ಬೇಲಿಯಾಚೆಯ ಗಿಡ

ಸಕಲೇಶಪುರ, ಆಲೂರು ಸೀಮೆಯ ಅರೇಬಿಕಾ ಕಾಫಿತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಒಂದು ಶೋಧನೆ ನಡೆಯುವುದುಂಟು. ಆಳುಗಳು ಸಾಲು ಹಿಡಿದು ಗಿಡಗಿಡದ ಕಾಂಡವನ್ನೂ ನೋಡುತ್ತ ಹೋಗುತ್ತಾರೆ. ತೊಗಟೆಯ ಮೇಲೆ ಉಬ್ಬುಗೆರೆ ಕಂಡಿತೋ, ಒಳಗೆ ಬಿಳಿ ಕಾಂಡಕೊರಕ ಸೇರಿದೆಯೆಂದು ತಿಳಿದು ಗಿಡವನ್ನು ಬುಡಸಹಿತ ಕಿತ್ತು ಸುಡುತ್ತಾರೆ. ದುಂಬಿ ಹಾರುವ ಕಾಲ ಏಪ್ರಿಲ್-ಮೇ ಒಂದು, ಅಕ್ಟೋಬರಿನಿಂದಾಚೆಗೆ ಇನ್ನೊಂದು. ಹುಡುಕಾಟವು ಅದಕ್ಕೆ ಮುಂಚೆಯೇ ಮುಗಿದಿರಬೇಕು. ತಡವಾದರೆ ಕೊಟ್ಟ ಕೂಲಿಯೂ ದಂಡ, ಕಿತ್ತ ಗಿಡವೂ ದಂಡ. ಹಸುರಾಗಿ ನಿಂತ ಗಿಡದಲ್ಲಿಯೂ ಹುಳುವಿರಬಹುದೆಂಬುದನ್ನು ಬೆಳೆಗಾರನು ಬಲ್ಲ. ಬೇಲಿಯಾಚೆಯವನು ಸುಮ್ಮನಿದ್ದರೆ ತನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ ಎಂಬುದನ್ನೂ ಬಲ್ಲ.

ಗಿಡದ ವಿಷಯದಲ್ಲಿ ಇಷ್ಟು ಬಲ್ಲವರು ಮನುಷ್ಯರ ವಿಷಯದಲ್ಲಿ ಅದನ್ನು ಮರೆಯುವುದೇ ಸೋಜಿಗ. ಗಂಡುಹೆಣ್ಣಿನ ಕೂಟದಿಂದ ಹರಡುವ ಸೋಂಕುಗಳಲ್ಲಿ ಕ್ಲಮೈಡಿಯ ಎಂಬುದು ಲೋಕದಲ್ಲೆಲ್ಲ ಅತಿ ಸಾಮಾನ್ಯವಾದವುಗಳಲ್ಲಿ ಒಂದು. (ಇಂಥ ಹೆಸರನ್ನೆತ್ತಲು ನಾಲಗೆ ಹಿಂಜರಿಯುವುದು ಸಹಜ, ಆದರೆ ನಾಚಿಕೆಯಿಂದ ಯಾವ ರೋಗವೂ ವಾಸಿಯಾದದ್ದಿಲ್ಲ.) ಬಹುಮಂದಿಯಲ್ಲಿ ಅದು ನೋವನ್ನಾಗಲಿ ಉರಿಯನ್ನಾಗಲಿ ತೋರದೆ ತಿಂಗಳುಗಟ್ಟಲೆ ಅಡಗಿರುತ್ತದೆ. ಕೆಲವು ಹೆಂಗಸರಲ್ಲಿ ಗರ್ಭನಾಳಗಳಿಗೇರಿ, ಅಲ್ಲಿ ಗಾಯದ ಕಲೆ ಉಳಿಸಿ, ಬಸಿರು ನಿಲ್ಲದಂತೆ ಮಾಡುತ್ತದೆ. ತೊಟ್ಟಿಲು ಕಟ್ಟದ ಮನೆಯಲ್ಲಿ ಹರಕೆ ಹೊರುವವಳು ಯಾರು, ಮಾತು ಕೇಳುವವಳು ಯಾರು ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೋಗವಾದರೋ, ವೇಳೆಯಲ್ಲಿ ಕಂಡುಕೊಂಡರೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಏಳು ದಿನ ನುಂಗಿದ ಮಾತ್ರಕ್ಕೆ ಹೋಗತಕ್ಕದ್ದು! ಉಳಿದ ಕಲೆ ಮಾತ್ರ ಹೋಗದು.

ಕಾಣದ ರೋಗವನ್ನು ಹುಡುಕಲು ಎಷ್ಟು ಮಂದಿಯನ್ನು, ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಬೇಕು? ಇದನ್ನರಿಯಲು ಗಣಿತಜ್ಞರು ಕಾಗದದ ಮೇಲೆ ಒಂದು ಊರನ್ನೇ ಕಟ್ಟುತ್ತಾರೆ. ಈ ವಿದ್ಯೆಗೆ ಅಡಿಗಲ್ಲಿಟ್ಟವರಲ್ಲಿ ಒಬ್ಬನಾದ ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದವನು. ಸೊಳ್ಳೆಗಳನ್ನು ನಿರ್ಮೂಲಮಾಡಬೇಕಾಗಿಲ್ಲ, ಒಂದು ಮಿತಿಯಿಂದ ಕೆಳಕ್ಕೆ ಇಳಿಸಿದರೆ ಮಲೇರಿಯಾ ತಾನೇ ಸೊರಗುವುದೆಂದು ಅವನು ಆಮೇಲೆ ಲೆಕ್ಕದಿಂದ ತೋರಿಸಿದನು. ಇಲ್ಲಿಯೂ ಅದೇ ನ್ಯಾಯ: ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಮೆ ಮಂದಿಗೆ ಸೋಂಕು ತಗಲುವಂತಾದರೆ ರೋಗವು ಕ್ರಮವಾಗಿ ಅಳಿಯುತ್ತದೆ.

1,000 ಜನರ ಕಲ್ಪಿತ ಊರೊಂದರಲ್ಲಿ 50 ಮಂದಿಗೆ ಸೋಂಕಿದೆಯೆಂದು ಎಣಿಸಬಹುದು. ಐವರಲ್ಲಿ ಒಬ್ಬರು ಪರೀಕ್ಷೆಗೆ ಬಂದರೆ ಸಿಕ್ಕುವವರು 10, ಉಳಿಯುವವರು 40. ಸಿಕ್ಕಿದ ಹತ್ತು ಮಂದಿ ಗುಣವಾಗಿ ಮನೆಗೆ ಹೋಗುವರು. ಆ ಮನೆಗಳಲ್ಲಿ ಪರೀಕ್ಷೆಯಾಗದ ಸಂಗಾತಿಗಳು ಇರುವರಷ್ಟೆ. ಒಮ್ಮೆ ಬಂದುಹೋದ ಈ ಸೋಂಕು ಮತ್ತೆ ಬಾರದಂತೆ ದೇಹವು ಕಾಯಲಾರದು. ದಫ್ತರದಲ್ಲಿ ಹತ್ತು ಮಂದಿ ಗುಣವಾದರೆಂದು ಬರೆದಿರುತ್ತದೆ; ಊರಿನಲ್ಲಿ ರೋಗವು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ.

ಮಾದರಿಗಳೂ ಒಮ್ಮತದವಲ್ಲ. 2009ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಒಂದೇ ಪ್ರಶ್ನೆಗೆ ಮೂರು ಮಾದರಿಗಳು ಬಹಳ ಭಿನ್ನವಾದ ಉತ್ತರಗಳನ್ನು ಕೊಟ್ಟವು. ಹಾಲೆಂಡಿನಲ್ಲಿ 2008ರಿಂದ ತರುಣತರುಣಿಯರಿಗೆ ವರ್ಷವರ್ಷವೂ ಕರೆಯೋಲೆ ಕಳುಹಿಸಿ ನೋಡಿದರು. ಮೊದಲ ಸುತ್ತಿನಲ್ಲಿ ನೂರಕ್ಕೆ ಸುಮಾರು 16 ಮಂದಿ, ಮೂರನೆಯದರಲ್ಲಿ ಸುಮಾರು 10 ಮಂದಿ ಬಂದರು. ರೋಗ ತಗ್ಗಿದ ಗುರುತು ಕಾಣಲಿಲ್ಲ. 2003ರಲ್ಲಿ ತಪಾಸಣೆ ಆರಂಭಿಸಿದ್ದ ಇಂಗ್ಲೆಂಡು 2021ರಲ್ಲಿ ಗುರಿಯನ್ನೇ ಬದಲಿಸಿ, ಹೆಂಗಸರಿಗಾಗುವ ಹಾನಿಯನ್ನು ತಪ್ಪಿಸುವುದೇ ಮುಖ್ಯವೆಂದಿತು.

ಕರ್ನಾಟಕದಲ್ಲಿ ಕ್ಲಮೈಡಿಯಕ್ಕಾಗಿ ಊರೂರಿನ ತಪಾಸಣೆಯಿಲ್ಲ. ತಾಯಿ ಕಾರ್ಡು ಹಿಡಿದು ಬರುವ ಗರ್ಭಿಣಿಯ ರಕ್ತವನ್ನು ಎಚ್‌ಐವಿ ಮತ್ತು ಸಿಫಿಲಿಸ್‌ಗಾಗಿ ಪರೀಕ್ಷಿಸುತ್ತಾರೆ. ಅದರಿಂದ ಎಷ್ಟೋ ಕೂಸುಗಳು ಉಳಿಯುತ್ತವೆ. ಉಳಿದ ಸೋಂಕುಗಳಿಗೆ, ತೊಂದರೆ ಹೇಳಿಕೊಂಡು ಬಂದವರ ಲಕ್ಷಣ ನೋಡಿ ಔಷಧ ಕೊಡುವ ಪದ್ಧತಿ. ಸಂಗಾತಿಗೂ ಕೊಡಬೇಕೆಂಬ ನಿಯಮವುಂಟು. ಆದರೆ ಲಕ್ಷಣವೇ ಇಲ್ಲದವಳು ಏನೆಂದು ಹೇಳಿಕೊಂಡಾಳು? ಹೇಳಿಕೊಂಡವಳಾದರೂ, ಹಣ್ಣು ಕುಯ್ಯುವ ದಿನಗಳಲ್ಲಿ ಒಂದು ಹಾಜರಿ ಬಿಟ್ಟು ಆಸ್ಪತ್ರೆಗೆ ಬಾರೆಂದು ಗಂಡನನ್ನು ಕರೆಯಬೇಕಾದವಳು ಅವಳೇ. ಆ ಕರೆಯಿಂದ ಸಂಶಯ ಹುಟ್ಟಿದರೆ ಅದನ್ನು ಅನುಭವಿಸಬೇಕಾದವಳೂ ಅವಳೇ.

ಸಮೀಕರಣದಲ್ಲಿ ಸಂಗಾತಿಯ ಚಿಕಿತ್ಸೆಗೆ ಒಂದಕ್ಷರ ಸಾಕು. ತೋಟದ ಲೈನುಮನೆಗಳ ಮುಂದೆ, ಹಾಜರಿ ಮುಗಿದ ಸಂಜೆ, ಸಕ್ಕರೆ ರೋಗ, ರಕ್ತದೊತ್ತಡಗಳ ಪರೀಕ್ಷೆಯೊಡನೆ ಗಂಡಸರಿಗೂ ಇದನ್ನು ಸೇರಿಸಿ ನಡೆಸಿದರೆ, ಯಾರು ಯಾರನ್ನು ಕರೆದರೆಂಬ ಪ್ರಶ್ನೆಯೇ ಏಳದು. ಕಾಂಡಕೊರಕನ ಶೋಧನೆಗೆ ಆಳುಗಳನ್ನು ಲೆಕ್ಕಹಾಕಿ ಕಳುಹಿಸುವ ರೈಟರ ಪುಸ್ತಕದಲ್ಲಿ ಅದಕ್ಕೊಂದು ಸಂಜೆಯನ್ನು ಗುರುತುಮಾಡಲು ಹೆಚ್ಚು ಸ್ಥಳ ಬೇಕಾಗದು.